ಇಟ್ಟಿಗೆಯಾಗದ ಹಾಗೆ

ಶಕ್ತಿನಗರದ ಕ್ವಾರ್ಟರ್ಸಿನಿಂದ ವರ್ಗವಾಗಿ ಹೊರಟವರು
ಹಳೇ ಪೇಪರು, ಒಡೆದ ಮಿಕ್ಸಿಯ ಜತೆ
ತೂಕಕ್ಕೆ ಹಾಕಿದ್ದರು ಅದನ್ನು.
ಆರುನೂರಕ್ಕೆ ಕೊಂಡೆ. ಅಂಗೈಯಗಲದ ಗೇಮ್ ಯಂತ್ರ.
ಎಡಗಡೆಯ ಗುಂಡಿ ಒತ್ತಿದರೆ ಒಳಗೇ ಕೂತುಬಿಡುತ್ತದೆ,
ಬ್ಯಾಟರಿ ಪೂರಿಯ ಹಾಗೆ ಊದಿತ್ತು.

ತೀನ್ ಕಂದೀಲಿನ ಹತ್ತಿರದ ಹುಸೇನಪ್ಪ
ಕನ್ನಡಕ ಹಣೆಗೇರಿಸಿ ನೋಡಿದ.
"ಮೊದ್ಲ ಇದನ್ನ ತೆಗೀಬೇಕವ್ವ."
ತೆಗೆದು, ಉಸುಕಿನ ಡಬ್ಬಿಯಲ್ಲಿ
ಮೊಟ್ಟೆ ಇಟ್ಟ ಹಾಗೆ ಇಟ್ಟ.
"ಯಾಕ ಬೇಕು ನಿನಗ ಇದು?"

ಕಂಪನಿಯ ಆಟ ಬೇಡ. ಮನೆಯಲ್ಲಿ ಮಾಡಿದ್ದನ್ನು ಹಾಕಬೇಕು.
ಯಾರೋ ರಾತ್ರಿಯೆಲ್ಲ ಕೂತು ಬರೆದು
ಬಿಟ್ಟಿ ಹಂಚಿದ ಸಣ್ಣ ಸಣ್ಣ ಗಂಟುಗಳು.
ಕೊನೆಗೆ, ಅರ್ಧಕ್ಕೆ ಬಿಟ್ಟ ಡಿಪ್ಲೊಮಾದ ನೋಟ್‌ಬುಕ್ಕಿನ ಹಿಂದೆ
ನಾನೇ ಬರೆದದ್ದೊಂದು.
ಅದೇನೆಂದು ಹೇಳಲಿಲ್ಲ.

"ತಪ್ಪಿದ್ರ ಇಟ್ಟಿಗಿ ಆಗ್ತದ ನೋಡು."

ನಗು ಬಂತು. ನಾನು ಇಟ್ಟಿಗೆಯವಳು.
ದೇವಸೂಗೂರಿನಾಚೆ, ಬೂದಿ ಇಟ್ಟಿಗೆಯ ಕಾರ್ಖಾನೆಯಲ್ಲಿ
ಗೇಟಿನ ಬಳಿ ಕೂತು ಲೋಡು ಬರೆಯುವವಳು.
ಕಲ್ಲಿದ್ದಲು ಉರಿದು ಬೆಳಕಾಗಿ ಎಲ್ಲಿಗೋ ಹೋದಮೇಲೆ
ಉಳಿದದ್ದು ಟ್ಯಾಂಕರಿನಲ್ಲಿ ನಮಗೆ ಬರುತ್ತದೆ.
ಅಚ್ಚಿನಿಂದ ಇಳಿದು ಒಣಗಿದ್ದು
ಎಷ್ಟು ನೀರು ಹೊಯ್ದರೂ ಮತ್ತೆ ಬೂದಿಯಾಗುವುದಿಲ್ಲ.
ನಗು ನಿಂತಿತು.

ಅವನು ಮಾಡಿಕೊಡಲಿಲ್ಲ. ಕೈಕಟ್ಟಿ ಕೂತು ಹೇಳಿದ.
ಒಳಗಿದ್ದದ್ದೆಲ್ಲ ಮೊದಲು ಪ್ರತಿ ಮಾಡು.
ಒಂದು ನಿನ್ನ ಹತ್ತಿರ ಇರಲಿ,
ಇನ್ನೊಂದು ನಿನ್ನನ್ನು ನಂಬದವರ ಹತ್ತಿರ.
ಯಾವ ಮಾಡೆಲು, ಯಾವ ಆವೃತ್ತಿ, ಬರೆದುಕೊ;
"ಅಕ್ಕನ ಕುಪ್ಪಸ ತಂಗಿಗಿ ಕೂಡಂಗಿಲ್ಲ."
ಒಂದು ಹಾಕು, ನಡೆಸಿ ನೋಡು, ಆಮೇಲೆ ಮತ್ತೊಂದು.
ಎಲ್ಲ ಒಮ್ಮೆಗೇ ಸುರಿದರೆ
ಕೆಟ್ಟದ್ದು ಯಾವುದೆಂದು ದೇವರಿಗೂ ತಿಳಿಯದು.

ಗಂಟಿನ ಜತೆ ಬಂದ ಉದ್ದನೆಯ ಅಂಕಿ,
ಇಳಿಸಿದ ಮೇಲೆ ಲೆಕ್ಕ ಹಾಕಿದ ಅಂಕಿ,
ಎರಡೂ ತಾಳೆಯಾಗಬೇಕು ಎಂದ.
ಇದು ನನ್ನ ಕೆಲಸ.
ಚೀಟಿಯಲ್ಲಿ ಮೂರು ಸಾವಿರ, ಲಾರಿಯಲ್ಲಿ ಹತ್ತು ಕಮ್ಮಿ,
ಡ್ರೈವರು ಬೀಡಿ ಕಚ್ಚಿಕೊಂಡೇ
"ಬಿಡವ್ವ, ಹತ್ತಕ್ಕೇನು" ಅಂದರೂ ಗೇಟು ತೆಗೆದವಳಲ್ಲ.
ನಾಲ್ಕನೆಯ ಗಂಟು ತಾಳೆಯಾಗಲಿಲ್ಲ,
ಮೊದಲ ಅಕ್ಷರದಿಂದಲೇ ಬೇರೆ.
ಅಳಿಸಿದೆ.

ತಳದ ಪದರ ಬರೆಯುವ ರಾತ್ರಿ.
ಏಪ್ರಿಲ್. ಹನ್ನೊಂದಾದರೂ ಗೋಡೆ ಬಿಸಿ.
ಹೊಸ ಬ್ಯಾಟರಿ ತುಂಬಿಸಿ, ಮೇಲೆ ಚಾರ್ಜರಿಗೂ ಸಿಕ್ಕಿಸಿ
ಅವ್ವನಿಗೆ ಹೇಳಿದೆ, ಯಾವ ಸ್ವಿಚ್ಚೂ ಮುಟ್ಟಬ್ಯಾಡ.
ಅರವತ್ತು. ಅರವತ್ತೆಂಟು.
ಎಪ್ಪತ್ತೊಂದಕ್ಕೆ ಓಣಿಯೆಲ್ಲ ಕತ್ತಲಾಯಿತು.

ಕಿಟಕಿಯಲ್ಲಿ ಚಿಮಣಿಗಳು
ಕೆಂಪು ದೀಪ ಮಿಟುಕಿಸುತ್ತ
ಯಾವುದೋ ಊರಿಗೆ ಬೆಳಕು ಕಳಿಸುತ್ತಲೇ ಇದ್ದವು.
ಬೀಸಣಿಕೆ ಹುಡುಕಲು ಎದ್ದ ಅವ್ವ
ಕಾಲಿಗೆ ವೈರು ತೊಡರಿ, ಒಂದೇ ಕಾಲಲ್ಲಿ ನಿಂತಳು.
ಅಂಗೈಯಲ್ಲಿ ಎಪ್ಪತ್ತೆರಡು.
ಬಹಳ ಹೊತ್ತು ಎಪ್ಪತ್ತೆರಡೇ.
ಹೊರಗೆ ಯಾರೋ ಲೈನ್‌ಮನ್ನನ ತಾಯಿಯನ್ನು ಬೈದರು.
ಎಪ್ಪತ್ತಮೂರು.

ಮರುದಿನ ಬುತ್ತಿ ಬಿಚ್ಚುವ ಹೊತ್ತಿಗೆ
ಬೇವಿನ ಗಿಡದ ಬುಡದಲ್ಲಿ ನನ್ನದನ್ನು ತೆರೆದೆ.
ಐದು ಮನೆ ಅಡ್ಡ, ಐದು ಮನೆ ಉದ್ದ,
ಇವರೆಲ್ಲ ಒಡೆದ ಇಟ್ಟಿಗೆಯ ಮೇಲೆ
ಇದ್ದಿಲಿನಿಂದ ಗೀಚಿ ಆಡುವ ಚೌಕಾಬಾರ.
ಸೂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಗುಂಡಿ ಒತ್ತಿದಳು.
ಬಾರಾ.
ಮತ್ತೆ ಒತ್ತಿದಳು. ಬಾರಾ.
ಮೂರನೇ ಸಲವೂ.

"ಕಳ್ಳ ಕವಡಿ ಅದಾವಲ್ಲೇ ಹುಡುಗಿ!"
ಬೂದಿ ಹತ್ತಿದ ರೆಪ್ಪೆಗಳೆಲ್ಲ ನಕ್ಕವು.

ಎಲ್ಲೋ ಒಂದು ಸಾಲು ತಪ್ಪಿದೆ.
ಸಂಜೆ ನೋಡಬೇಕು. ಮೊದಲು ಪ್ರತಿ ತೆಗೆದಿಟ್ಟು, ಆಮೇಲೆ.
ಕೈಚಾಚಿದೆ. ಕೊಡಲಿಲ್ಲ ಸೂಗಮ್ಮ,
ರೊಟ್ಟಿ ತಣ್ಣಗಾಗುತ್ತಿದ್ದರೂ
ಒತ್ತುತ್ತಲೇ ಇದ್ದಳು.
"ಇವತ್ತೊಂದಿನ ಸರಿ ಮಾಡಬ್ಯಾಡ."